ತಾಯಂದಿರ ತುರಿಕೆ ಭ್ರಮೆಯಲ್ಲ

ಹೊಸನಗರ, ತೀರ್ಥಹಳ್ಳಿಗಳ ಮಳೆಗಾಲವೆಂದರೆ ಒಣಮೀನು, ಉಪ್ಪಿನಕಾಯಿಗಳ ಊಟ. ನಲ್ವತ್ತೈದು ದಾಟಿದ ಗೃಹಿಣಿ ಅದನ್ನುಂಡು ಮೈ ತುರಿಸುತ್ತಿದೆ, ತಲೆ ಸಿಡಿಯುತ್ತಿದೆ ಎಂದರೆ 'ವಯಸ್ಸಾಯಿತು' ಎಂದು ನಾವು ಬಾಯಿ ಮುಚ್ಚಿಸುತ್ತೇವೆ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಈಸ್ಟ್ರೋಜನ್ ಏರಿಳಿಯುತ್ತದೆ. ಅದರ ಏರಿಕೆಯು ತುರಿಕೆ ತರುವ ಹಿಸ್ಟಮಿನ್ ಎಂಬ ರಾಸಾಯನಿಕವು ಮಾಸ್ಟ್ ಕೋಶಗಳಿಂದ ಹೊರಬೀಳುವಂತೆ ಪ್ರಚೋದಿಸಬಲ್ಲದು. ಆಹಾರದ ಹಿಸ್ಟಮಿನನ್ನು ಒಡೆಯುವ ಡಿಎಒ ಕಿಣ್ವವಿರುವುದು ಸಣ್ಣಕರುಳಿನಲ್ಲಿ. ಕರುಳು ಕೆಟ್ಟರೆ ಆ ಕಾವಲೂ ಸಡಿಲ. ಬಹುಕಾಲ ಇಟ್ಟ ಮೀನಿನಲ್ಲಿ ಹಿಸ್ಟಮಿನ್ ಹೆಚ್ಚಿರಬಹುದು, ಕುದಿಸಿದರೂ ಅದು ನಾಶವಾಗದು.

ಎಲ್ಲ ತುರಿಕೆಗೂ ಇದೇ ಕಾರಣವಲ್ಲ. ಥೈರಾಯ್ಡ್, ಮಧುಮೇಹಗಳೂ ಇರಬಹುದು. ಆದ್ದರಿಂದ ಪರೀಕ್ಷೆ ಬೇಕು. ಪಥ್ಯದ ಹೆಸರಿನಲ್ಲಿ ಆಕೆಯ ತಟ್ಟೆಯನ್ನು ಬರಿದಾಗಿಸುವುದೂ ಅನ್ಯಾಯವೇ. ಮಗನ ಜ್ವರಕ್ಕೆ ನಡುರಾತ್ರಿಯಲ್ಲಿ ಜೀಪು ಹುಡುಕುವ ನಾವು, ತಾಯಿಯನ್ನು ಸಾಗರದ ವೈದ್ಯರಲ್ಲಿಗೆ ಕರೆದೊಯ್ಯಲು ಮಾತ್ರ ಮಳೆ ನಿಲ್ಲಲಿ ಎನ್ನುತ್ತೇವೆ.