ತಾಯಿಯೇ ಆಡದ ತಾಯ್ನುಡಿ: ಸಿಂಗಪುರದ ಮಕ್ಕಳಿಗೆ ಮ್ಯಾಂಡರಿನ್ ಕಗ್ಗಂಟು

ಸಿಂಗಪುರದ ಅನೇಕ ಚೀನೀ ಮನೆಗಳಲ್ಲಿ ‘ತಿಂಗ್ ಶಿಯೆ’ ಎಂಬ ಎರಡು ಪದಗಳಿಗೆ ವಿಶೇಷ ಭೀತಿಯಿದೆ. ಅದು ನಮ್ಮ ಶಾಲೆಗಳ ಉಕ್ತಲೇಖನಕ್ಕೆ ಸಮಾನವಾದ ಪರೀಕ್ಷೆ. ಶಿಕ್ಷಕರು ಪದವನ್ನು ಉಚ್ಚರಿಸುತ್ತಾರೆ, ಮಗು ಅದರ ಲಿಪಿಚಿಹ್ನೆಯನ್ನು ಬರೆಯಬೇಕು. ಇದರ ಅಣ್ಣನಂತಿರುವ ‘ಮೋ ಶಿಯೆ’ಯಲ್ಲಿ ಉಚ್ಚರಿಸುವವರೂ ಇರುವುದಿಲ್ಲ. ಇಡೀ ಪಾಠಭಾಗವನ್ನು ನೆನಪಿನಿಂದಲೇ ಬರೆದೊಪ್ಪಿಸಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಮಗುವಿನ ಜತೆ ತಾಯಿಯೂ ನಿದ್ದೆಗೆಡುವುದು ಅಲ್ಲಿ ಹೊಸತೇನಲ್ಲ.

ಕನ್ನಡದ ಮಗು ಒಮ್ಮೆ ಕಾಗುಣಿತ ಕಲಿತರೆ ಸಾಕು, ಕಿವಿಗೆ ಬಿದ್ದ ಯಾವ ಪದವನ್ನಾದರೂ ಹೆಚ್ಚುಕಡಿಮೆ ಸರಿಯಾಗಿಯೇ ಬರೆದೀತು. ಮ್ಯಾಂಡರಿನ್ ಈ ಸೌಲಭ್ಯ ನೀಡುವುದಿಲ್ಲ. ಪ್ರಾಥಮಿಕ ಶಾಲೆ ಮುಗಿಯುವುದರೊಳಗೆ ಸಾವಿರಕ್ಕೂ ಮಿಕ್ಕಿದ ಚಿಹ್ನೆಗಳ ಗುರುತು ಹಿಡಿಯಬೇಕು. ಜತೆಗೆ ಸ್ವರದ ಏರಿಳಿತ ಬೇರೆ. ‘ಮಾ’ ಎಂಬ ಒಂದೇ ಉಚ್ಚಾರ, ಸ್ವರ ಬದಲಾದಂತೆ ತಾಯಿ, ಸೆಣಬು, ಕುದುರೆ, ಬೈಗುಳ ಎಂದೆಲ್ಲ ಅರ್ಥ ತಳೆಯುತ್ತದೆ. ಮನೆಯಲ್ಲಿ ಈ ನುಡಿ ಕೇಳಿ ಬೆಳೆದವರಿಗೆ ಇದೇನೂ ಕಷ್ಟವಲ್ಲ. ಕೇಳದವರ ಪಾಡೇನು ಎಂಬುದೇ ಇಲ್ಲಿನ ಪ್ರಶ್ನೆ.

ಕೇಳದವರ ಸಂಖ್ಯೆ ಸಣ್ಣದಲ್ಲ. ಒಂದನೇ ತರಗತಿಗೆ ಸೇರುವ ಚೀನೀ ಮಕ್ಕಳ ಪೈಕಿ ಮನೆಯಲ್ಲಿ ಪ್ರಧಾನವಾಗಿ ಇಂಗ್ಲಿಷ್ ಆಡುವವರು 1991ರಲ್ಲಿ ಶೇ 28ರಷ್ಟಿದ್ದರೆ, 2010ರ ವೇಳೆಗೆ ಶೇ 59ಕ್ಕೆ ಏರಿದ್ದರು. 2020ರ ಜನಗಣತಿಯಲ್ಲಿ ದೇಶದ ಮನೆಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ ನುಡಿಯ ಸ್ಥಾನ ಇಂಗ್ಲಿಷಿಗೇ ದೊರೆಯಿತು. ಆದರೂ ಶಾಲೆಯ ದಾಖಲೆಯಲ್ಲಿ ಈ ಮಕ್ಕಳ ‘ತಾಯ್ನುಡಿ’ ಮ್ಯಾಂಡರಿನ್ನೇ. ಅಲ್ಲಿ ತಾಯ್ನುಡಿಯನ್ನು ನಿರ್ಧರಿಸುವುದು ಜನಾಂಗ, ತಾಯಿಯ ಮಾತಲ್ಲ.

ಹಾಗೆ ನೋಡಿದರೆ ಇವರ ಅಜ್ಜಿಯರ ನುಡಿಯೂ ಮ್ಯಾಂಡರಿನ್ ಆಗಿರಲಿಲ್ಲ. ಹೊಕ್ಕಿಯನ್, ತಿಯೊಚ್ಯೂ, ಕ್ಯಾಂಟನೀಸ್ ಮೊದಲಾದ ನುಡಿಗಳನ್ನಾಡುತ್ತಿದ್ದ ಸಮುದಾಯವದು. 1979ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಲೀ ಕ್ವಾನ್ ಯೂ ‘ಮ್ಯಾಂಡರಿನ್ ಮಾತನಾಡಿ’ ಅಭಿಯಾನಕ್ಕೆ ಚಾಲನೆ ನೀಡಿದ ಮೇಲೆ ಆ ನುಡಿಗಳು ಒಂದೊಂದಾಗಿ ಹಿಂದೆ ಸರಿದವು. ಅವು ತೆರವು ಮಾಡಿದ ಜಾಗವನ್ನು ಮೊದಲು ಮ್ಯಾಂಡರಿನ್ ತುಂಬಿತಾದರೂ, ಮುಂದಿನ ತಲೆಮಾರಿನಲ್ಲಿ ಇಂಗ್ಲಿಷ್ ಅದನ್ನು ಹಿಂದಿಕ್ಕಿತು. ಉದ್ಯೋಗ, ಆಡಳಿತ, ಇತರ ಎಲ್ಲ ಪಾಠಗಳ ಮಾಧ್ಯಮ ಇಂಗ್ಲಿಷ್ ಆಗಿರುವಾಗ ಬೇರೇನಾಗಲು ಸಾಧ್ಯವಿತ್ತು?

ತಪ್ಪೊಪ್ಪಿಗೆ

ಈ ನೀತಿಯ ಶಿಲ್ಪಿಯೇ ಅದರ ಲೋಪವನ್ನು ಬಹಿರಂಗವಾಗಿ ಒಪ್ಪಿಕೊಂಡದ್ದು ಗಮನಾರ್ಹ. ಇಂಗ್ಲಿಷ್ ಶಿಕ್ಷಣ ಪಡೆದು, ಮೂವತ್ತು ದಾಟಿದ ಮೇಲೂ ಮ್ಯಾಂಡರಿನ್ ಜತೆ ಹೆಣಗಿದವರು ಲೀ. 2009ರ ನವೆಂಬರಿನಲ್ಲಿ ಸಿಂಗಪುರ ಚೀನೀ ಭಾಷಾ ಕೇಂದ್ರದ ಉದ್ಘಾಟನೆಯಲ್ಲಿ ಅವರು, ತಾವು ಆರಂಭದಲ್ಲಿ ಹಿಡಿದ ದಾರಿಯೇ ತಪ್ಪಾಗಿತ್ತು ಎಂದರು. ಉಕ್ತಲೇಖನ ಮತ್ತು ಕಂಠಪಾಠಕ್ಕೆ ಕಟ್ಟುಬಿದ್ದದ್ದು, ಇಂಗ್ಲಿಷ್ ಮನೆಗಳ ಮಕ್ಕಳಿಗೆ ಚೀನೀ ಮಾಧ್ಯಮದಲ್ಲೇ ಚೀನೀ ಕಲಿಸಹೊರಟದ್ದು ಮಕ್ಕಳನ್ನು ಭಾಷೆಯಿಂದಲೇ ವಿಮುಖರನ್ನಾಗಿಸಿತು, ತಲೆಮಾರುಗಳೇ ಅದರ ಬೆಲೆ ತೆತ್ತವು ಎಂಬುದು ಅವರ ಮಾತಿನ ಸಾರ. ಆದರೆ ಆ ಬೆಲೆ ತೆತ್ತವರು ಅಷ್ಟರಲ್ಲಿ ತಾವೇ ತಾಯ್ತಂದೆಯರಾಗಿ, ಮಕ್ಕಳನ್ನು ಅದೇ ತರಗತಿಗೆ ಕಳುಹಿಸುತ್ತಿದ್ದರು.

ಅದಕ್ಕೂ ಮೊದಲೇ ತಿದ್ದುಪಡಿಗಳು ನಡೆದಿದ್ದವು. ಪ್ರೌಢಶಾಲೆಯಲ್ಲಿ ತೀರಾ ಹಿಂದುಳಿದವರಿಗೆಂದು 2001ರಲ್ಲಿ ‘ಚೀನೀ ಬಿ’ ಎಂಬ ಸರಳ ಪಠ್ಯಕ್ರಮ ಬಂತು. 2004ರ ಪರಿಶೀಲನಾ ಸಮಿತಿ ‘ಹೆಚ್ಚು ಗುರುತಿಸು, ಕಡಿಮೆ ಬರೆ’ ಎಂಬ ಸೂತ್ರ ಮುಂದಿಟ್ಟಿತು. ಚಿಹ್ನೆಯನ್ನು ಓದಬಲ್ಲ ಮಗು ಅದನ್ನು ಕೀಲಿಮಣೆಯಲ್ಲಿ ಆರಿಸಿಕೊಳ್ಳಬಹುದು, ಎಲ್ಲವನ್ನೂ ಕೈಯಲ್ಲೇ ಬರೆಯಬೇಕಿಲ್ಲ ಎಂಬ ಈ ವಿವೇಚನೆ ನಿಜಕ್ಕೂ ಸ್ವಾಗತಾರ್ಹವಾಗಿತ್ತು.

ಆದರೆ ಅಂಕದ ಮಾತು ಬಂದಾಗ ಸರ್ಕಾರ ಹಿಂಜರಿಯಿತು. ಆರನೇ ತರಗತಿಯ ಕೊನೆಯ ಪಿಎಸ್‌ಎಲ್‌ಇ ಪರೀಕ್ಷೆಯಲ್ಲಿ ತಾಯ್ನುಡಿಯ ತೂಕ ತಗ್ಗಿಸುವ ಸುಳಿವನ್ನು 2010ರಲ್ಲಿ ಶಿಕ್ಷಣ ಸಚಿವ ಎಂಗ್ ಎಂಗ್ ಹೆನ್ ನೀಡಿದ್ದೇ ತಡ, ಚೀನೀ ಭಾಷಾಪರರು ಮನವಿಪತ್ರ ಹಿಡಿದು ಹಾಂಗ್ ಲಿಮ್ ಉದ್ಯಾನದಲ್ಲಿ ನೆರೆದರು. ಕೆಲವೇ ದಿನಗಳಲ್ಲಿ ಪ್ರಧಾನಿ ಲೀ ಸೀನ್ ಲೂಂಗ್, ತೂಕ ಬದಲಾಗದು ಎಂದು ಸ್ಪಷ್ಟಪಡಿಸಬೇಕಾಯಿತು.

ತಪ್ಪಿಸಿಕೊಂಡರೂ ದಂಡ

ಮಗುವಿನ ಭವಿಷ್ಯ ತೂಗುವುದು ಇಲ್ಲೇ. 2021ರಿಂದ ಪಿಎಸ್‌ಎಲ್‌ಇಯ ನಾಲ್ಕು ವಿಷಯಗಳಿಗೆ ತಲಾ ಒಂದರಿಂದ ಎಂಟರವರೆಗಿನ ಶ್ರೇಣಿ ನೀಡಲಾಗುತ್ತಿದೆ. ಒಂದು ಅತ್ಯುತ್ತಮ, ಎಂಟು ಕನಿಷ್ಠ. ಒಟ್ಟು ಸಂಖ್ಯೆ ಕಡಿಮೆಯಾದಷ್ಟೂ ಬೇಡಿಕೆಯ ಪ್ರೌಢಶಾಲೆ ಹತ್ತಿರ. ಗಣಿತ, ವಿಜ್ಞಾನ, ಇಂಗ್ಲಿಷ್ ಮೂರರಲ್ಲೂ ಎರಡನೇ ಶ್ರೇಣಿ ಪಡೆದ ಮಗುವಿಗೆ ಮ್ಯಾಂಡರಿನ್‌ನಲ್ಲೂ ಎರಡು ಬಂದರೆ ಒಟ್ಟು ಎಂಟು. ಅಲ್ಲಿ ಆರು ಬಂದರೆ ಒಟ್ಟು ಹನ್ನೆರಡು. ಆ ನಾಲ್ಕರ ಅಂತರದಲ್ಲಿ ಅನೇಕ ಶಾಲೆಗಳ ಬಾಗಿಲು ಮುಚ್ಚಿರುತ್ತದೆ.

ಪಾಠ ಭಾರವೆನಿಸಿದವರಿಗೆ ‘ಫೌಂಡೇಷನ್’ ಎಂಬ ಸುಲಭ ಹಂತವಿದೆ. ಆದರೆ ಅಲ್ಲಿ ಎಷ್ಟೇ ಚೆನ್ನಾಗಿ ಬರೆದರೂ ಶ್ರೇಣಿ ಆರಕ್ಕಿಂತ ಮೇಲೇರದು. ಕಲಿಕಾ ನ್ಯೂನತೆಯಂತಹ ಕಾರಣಗಳಿಂದ ವಿನಾಯಿತಿ ಪಡೆದವರಿಗೂ ಆರರಿಂದ ಎಂಟರ ನಡುವಿನ ಶ್ರೇಣಿಯನ್ನೇ ಆರೋಪಿಸಲಾಗುತ್ತದೆ. ಆದ್ದರಿಂದಲೇ ಮಗು ಅಳುತ್ತಿದ್ದರೂ ಪೋಷಕರು ಸುಲಭ ಹಂತಕ್ಕೆ ಒಪ್ಪದೆ ಮನೆಪಾಠದ ಮೊರೆ ಹೋಗುತ್ತಾರೆ. ಎಲ್ಲ ವಿಷಯಗಳೂ ಸೇರಿ ಸಿಂಗಪುರದ ಕುಟುಂಬಗಳು 2023ರಲ್ಲಿ ಮನೆಪಾಠಕ್ಕೆ ಸುರಿದದ್ದು 180 ಕೋಟಿ ಸಿಂಗಪುರ ಡಾಲರ್.

ಹಣಕ್ಕಿಂತ ಉಪಯುಕ್ತವಾದ ಒಂದು ದಾರಿ ಪರೀಕ್ಷೆಯ ವಿನ್ಯಾಸದಲ್ಲೇ ಇದೆ. ಪಿಎಸ್‌ಎಲ್‌ಇ ಚೀನೀ ಪರೀಕ್ಷೆಯಲ್ಲಿ ಮೌಖಿಕ ಮತ್ತು ಆಲಿಸುವಿಕೆಗೆ ಸೇರಿ ಶೇ 35ರಷ್ಟು ಅಂಕಗಳಿವೆ. ಮಾತಿನಿಂದ ಆರಂಭಿಸಿ ಬರವಣಿಗೆಗೆ ಹೋದ ಮಗುವಿಗೆ ಈ ಭಾಗ ಕೈಕೊಡುವುದಿಲ್ಲ. ಚಿಹ್ನೆಗಳನ್ನೂ ಇಡಿಯಾಗಿ ಉರು ಹೊಡೆಯುವ ಬದಲು ಬಿಡಿಸಿ ನೋಡಬಹುದು. ಎಡಬದಿಯಲ್ಲಿ ನೀರಿನ ಮೂರು ಹನಿಗಳಿದ್ದರೆ ನದಿ, ಸಮುದ್ರ, ತೊಳೆಯುವುದು ಮುಂತಾದ ನೀರಿನ ಸಂಬಂಧವನ್ನು ಊಹಿಸಬಹುದು. ಇನ್ನೊಂದು ಬದಿ ಹಲವೊಮ್ಮೆ ಉಚ್ಚಾರದ ಸುಳಿವು ನೀಡುತ್ತದೆ. ದುರದೃಷ್ಟವೆಂದರೆ, ನಾಳೆಯ ಉಕ್ತಲೇಖನಕ್ಕೆ ಇಂದು ರಾತ್ರಿ ಹತ್ತು ಪದ ತುರುಕಬೇಕಾದ ಮನೆಯಲ್ಲಿ ಇಂತಹ ನಿಧಾನದ ಕಲಿಕೆಗೆ ವ್ಯವಧಾನ ಎಲ್ಲಿ?

ಸಿಂಗಪುರದ ಕನ್ನಡ ಕುಟುಂಬಗಳದ್ದು ಇನ್ನೂ ವಿಚಿತ್ರ ಸ್ಥಿತಿ. ಅಲ್ಲಿನ ಶಾಲಾ ವ್ಯವಸ್ಥೆಯಲ್ಲಿ ಭಾರತೀಯ ಮಕ್ಕಳಿಗೆ ತಮಿಳು, ಅಥವಾ 1990ರ ದಶಕದಿಂದ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ‘ತಾಯ್ನುಡಿ’ಯಾಗಿ ಲಭ್ಯ. ಕನ್ನಡ ಆ ಪಟ್ಟಿಯಲ್ಲಿಲ್ಲ. ಬಹುತೇಕರು ಹಿಂದಿಯನ್ನೋ ತಮಿಳನ್ನೋ ಆರಿಸಿಕೊಂಡರೆ, ನಾಳಿನ ಉದ್ಯೋಗವನ್ನು ಲೆಕ್ಕಹಾಕಿ ಅನುಮತಿ ಪಡೆದು ಮ್ಯಾಂಡರಿನ್ ತರಗತಿಗೆ ಸೇರಿಸುವ ಭಾರತೀಯ ಪೋಷಕರೂ ಇದ್ದಾರೆ. ಆ ಮಗುವಿಗೆ ಉಕ್ತಲೇಖನದ ಹಿಂದಿನ ರಾತ್ರಿ ನೆರವಾಗಲು ಮನೆಯಲ್ಲಿ ಚಿಹ್ನೆ ಬಲ್ಲವರು ಒಬ್ಬರೂ ಇರುವುದಿಲ್ಲ. ಊರಿಗೆ ಫೋನ್ ಮಾಡಿದಾಗ ಅಜ್ಜಿಯೊಡನೆ ಆಡುವ ನಾಲ್ಕು ಕನ್ನಡದ ಮಾತಿಗಂತೂ ಯಾವ ಶ್ರೇಣಿಯೂ ಇಲ್ಲ.