ಮೋಡ ಬಿತ್ತುವ ಮುನ್ನ



ಮುಂಗಾರು ಕೈಕೊಟ್ಟ ವರ್ಷಗಳಲ್ಲೆಲ್ಲ ರೈತರು ನನ್ನನ್ನು ಒಂದು ಪ್ರಶ್ನೆ ಕೇಳುತ್ತಾರೆ: ‘ಸರ್ಕಾರ ಮೋಡ ಬಿತ್ತನೆ ಯಾಕೆ ಮಾಡಿಸಬಾರದು?’ 2023ರಲ್ಲಿ ನಾಡಿನ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದಾಗಲೂ ಈ ಮಾತು ಕೇಳಿಬಂತು. ಬಿತ್ತಿದ ಬೀಜ ಮಣ್ಣಲ್ಲೇ ಒಣಗುವುದನ್ನು ಕಂಡವರ ಪ್ರಶ್ನೆಯಿದು. ಇದಕ್ಕೆ ಹಗುರವಾಗಿ ಉತ್ತರಿಸಬಾರದು.

ಮೋಡವೆಂದರೆ ಗಾಳಿಯಲ್ಲಿ ತೇಲುವಷ್ಟು ಸಣ್ಣ ನೀರಿನ ಕಣಗಳ ರಾಶಿ. ಅಂಥ ಸುಮಾರು ಹತ್ತು ಲಕ್ಷ ಕಣಗಳು ಕೂಡಿದರೆ ನೆಲಕ್ಕೆ ಬೀಳುವ ಒಂದು ಮಳೆಹನಿಯಾಗುತ್ತದೆ. ಈ ಕೂಡುವಿಕೆಗೆ ಒತ್ತಾಸೆ ಕೊಡುವುದೇ ಬಿತ್ತನೆ. ಬೆಚ್ಚಗಿನ ಮೋಡವಾದರೆ ವಿಮಾನ ಅದರ ಬುಡದಲ್ಲಿ ಹಾರುತ್ತ ಕ್ಯಾಲ್ಸಿಯಂ ಕ್ಲೋರೈಡ್‌ನಂಥ ಉಪ್ಪಿನ ಕಣಗಳನ್ನು ಹೊಗೆಯಾಗಿ ಬಿಡುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪು ನೀರಾಡುವುದನ್ನು ತಾಯಂದಿರು ಬಲ್ಲರು. ಇಲ್ಲಿಯೂ ಅದೇ ಗುಣ. ಉಪ್ಪಿನ ಕಣ ತೇವ ಹೀರಿ ದಪ್ಪನಾಗಿ, ಸುತ್ತಲಿನ ಕಣಗಳನ್ನು ಕೂಡಿಸಿಕೊಂಡು ಕೆಳಗಿಳಿಯುತ್ತದೆ. ಮೋಡ ಎತ್ತರಕ್ಕೇರಿ, ಶೂನ್ಯ ಡಿಗ್ರಿಗಿಂತ ತಣ್ಣಗಾಗಿಯೂ ಅದರ ನೀರು ಹೆಪ್ಪುಗಟ್ಟದೆ ಉಳಿದಿದ್ದರೆ ಸಿಲ್ವರ್ ಅಯೋಡೈಡ್ ಬಳಸುತ್ತಾರೆ. ಅದರ ಹರಳಿನ ರಚನೆ ಮಂಜಿನ ಹರಳನ್ನು ಹೋಲುವುದರಿಂದ ನೀರು ಅದರ ಸುತ್ತ ಹೆಪ್ಪುಗಟ್ಟುತ್ತದೆ.

ಇಷ್ಟರಿಂದಲೇ ಒಂದು ಮಿತಿ ತಿಳಿಯುತ್ತದೆ. ಬಿತ್ತನೆಗೆ ಮೊದಲು ಮೋಡ ಬೇಕು, ಅದೂ ನೀರು ತುಂಬಿದ ಮೋಡ ಬೇಕು. ಬರ ಬಿಗಿಯಾದಷ್ಟೂ ಅಂಥ ಮೋಡ ಕಡಿಮೆ. ಅಂದರೆ ತೀರ ಅಗತ್ಯವಿದ್ದಾಗಲೇ ಇದರ ಕೈ ಕಟ್ಟಿಹೋಗುತ್ತದೆ. ಗಾಳಿ ತಿರುಗಿದರೆ ನಮ್ಮ ಹೊಲಕ್ಕೆಂದು ಬಿತ್ತಿದ ಮಳೆ ಪಕ್ಕದ ತಾಲ್ಲೂಕಿಗೆ ಹೋದೀತು.

ನಮ್ಮ ರಾಜ್ಯ 2003ರಲ್ಲಿ ‘ವರುಣ’, 2017ರಲ್ಲಿ ‘ವರ್ಷಧಾರಿ’ ಎಂಬ ಹೆಸರಿನಲ್ಲಿ ಮೋಡ ಬಿತ್ತಿತು. ಬಿತ್ತಿದ ಮೇಲೆ ಮಳೆ ಬಂದರೆ ಬಿತ್ತನೆಯಿಂದಲೇ ಬಂತೆನ್ನಬಹುದೇ? ಕಪ್ಪೆಗಳ ಮದುವೆ ಮಾಡಿದ ಮರುದಿನವೂ ಮಳೆ ಸುರಿದದ್ದುಂಟು. 2019ರಲ್ಲಿ ಮಳೆಗಾಗಿ ಮುಜರಾಯಿ ದೇವಸ್ಥಾನಗಳಲ್ಲಿ ವಿಶೇಷ ಪೂಜೆ ಮಾಡಿರೆಂದು ಸರ್ಕಾರವೇ ಸುತ್ತೋಲೆ ಕಳಿಸಿತ್ತು. ಪೂಜೆಯನ್ನು ಪ್ರಶ್ನಿಸುವ ನಾವು ವಿಮಾನವನ್ನು ಮಾತ್ರ ಕೈಮುಗಿದು ನಂಬಿದರೆ ಮೌಢ್ಯದ ವೇಷ ಬದಲಾಯಿತೇ ಹೊರತು ಮೌಢ್ಯ ಹೋಗಲಿಲ್ಲ.

ಪರೀಕ್ಷೆಗೆ ದಾರಿ ಇದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ನಮ್ಮ ವಿಜಯಪುರದ ನೆರೆಯ ಸೊಲ್ಲಾಪುರದಲ್ಲಿ 276 ಮೋಡಗಳನ್ನು ಆರಿಸಿಕೊಂಡು, ಕೆಲವನ್ನು ಬಿತ್ತಿ, ಕೆಲವನ್ನು ಹಾಗೆಯೇ ಬಿಟ್ಟು, ಎರಡನ್ನೂ ಹೋಲಿಸಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ ಸುಮಾರು 100 ಚದರ ಕಿಲೋಮೀಟರ್ ಪ್ರದೇಶದಲ್ಲಿ ಮಳೆ ಶೇ. 18ರಷ್ಟು ಹೆಚ್ಚಿತು, ಲೀಟರಿಗೆ ಬಿದ್ದ ವೆಚ್ಚ 18 ಪೈಸೆ.

ಈ ಲೆಕ್ಕವನ್ನು ಹೊಲಕ್ಕೆ ಹಾಕಿ ನೋಡಿ. ಒಂದು ಎಕರೆಗೆ ಒಂದು ಅಂಗುಲ ಮಳೆಯೆಂದರೆ ಸುಮಾರು ಒಂದು ಲಕ್ಷ ಲೀಟರ್, ಅಂದರೆ 18 ಸಾವಿರ ರೂಪಾಯಿ! ಒಣಬೇಸಾಯದ ಜೋಳಕ್ಕೆ ಇದು ಗಿಟ್ಟದು. ಅದೇ 5 ಸಾವಿರ ಲೀಟರಿನ ಕುಡಿಯುವ ನೀರಿಗೆ 900 ರೂಪಾಯಿ. ಬಿದ್ದ ನೀರು ಕೆರೆ, ಜಲಾಶಯ ಸೇರುವಂತಿದ್ದರೆ ವಿಚಾರ ಮಾಡಬಹುದು. ಆದ್ದರಿಂದ ನನ್ನ ಉತ್ತರ ಹೀಗಿದೆ: ಬೆಳೆ ಉಳಿಸುವ ಭರವಸೆ ಕೊಟ್ಟು ಬಿತ್ತನೆ ಮಾಡುವುದು ಬೇಡ. ಕುಡಿಯುವ ನೀರಿನ ಜಲಾಶಯಗಳ ಮೇಲ್ಭಾಗದಲ್ಲಿ, ಒಳ್ಳೆಯ ಮೋಡಗಳಿರುವಾಗ ಮಾಡಲಿ. ಬಿತ್ತದ ಮೋಡಗಳೊಡನೆ ಹೋಲಿಸಿದ ಲೆಕ್ಕವನ್ನು ಗುತ್ತಿಗೆದಾರರಲ್ಲದವರು ತಯಾರಿಸಿ ಜನರ ಮುಂದಿಡಲಿ. ಬಳಸುವ ಬೆಳ್ಳಿಯ ಅಂಶ ಅತ್ಯಲ್ಪವಾದರೂ ವರ್ಷವರ್ಷವೂ ಬಿತ್ತುವ ಕಡೆ ಮಣ್ಣು, ನೀರುಗಳ ಪರೀಕ್ಷೆ ನಡೆಯಲಿ.

ಇನ್ನು ನಮ್ಮ ಪಾಲಿನ ಕಾಯಕ. ಹೆಚ್ಚಾಗಿ ಬಿದ್ದ ಮಳೆಯೂ ಹೂಳು ತುಂಬಿದ ಕೆರೆಯಲ್ಲಿ ನಿಲ್ಲದು. ಬದು, ಕೃಷಿಹೊಂಡ, ಕೆರೆಯ ಹೂಳೆತ್ತುವಿಕೆಗೆ ಮೋಡದ ಅಪ್ಪಣೆ ಬೇಕಿಲ್ಲ. ಈ ಬೇಸಿಗೆಯಲ್ಲಿ ಪ್ರತಿ ಮಠವೂ ತನ್ನ ಊರಿನ ಒಂದು ಕೆರೆಯನ್ನು ಕೈಗೆತ್ತಿಕೊಳ್ಳಲಿ ಎಂದು ಪೂಜ್ಯರಲ್ಲಿಯೂ ಓದುಗರಲ್ಲಿಯೂ ವಿನಂತಿಸುತ್ತೇನೆ.