ಅಜ್ಜ ನೀರಿಗೆ ಬಿದ್ದ ದಿನ

ಮಕ್ಕಳೇ, ನಿಮ್ಮ ಮನೆಯ ಅಜ್ಜ ಅಜ್ಜಿಯರ ಹತ್ತಿರ ಒಂದು ಪ್ರಶ್ನೆ ಕೇಳಿ ನೋಡಿ: "ಚಿಕ್ಕವರಿದ್ದಾಗ ನಿಮಗೆ ಯಾವುದರ ಹೆದರಿಕೆ ಇತ್ತು?" ಕತ್ತಲೆ, ಕೊಳ್ಳಿದೆವ್ವ, ಲೆಕ್ಕದ ಮೇಷ್ಟ್ರು ಎಂದು ಏನಾದರೊಂದು ಹೇಳಿಯಾರು. ಆಮೇಲೆ ಮೆಲ್ಲಗೆ ಇನ್ನೊಂದು ಕೇಳಿ: "ಈಗ?" ಕ್ರಿಸ್‌ಮಸ್ ರಜೆಗೆ ಬೆಂಗಳೂರಿನಿಂದ ಬಂದ ನನ್ನ ಮೊಮ್ಮಗಳು ಈ ಎರಡನೆಯ ಪ್ರಶ್ನೆ ಕೇಳಿದಳು. ಆಗ ನಾನು ಸುಳ್ಳು ಹೇಳಲಿಲ್ಲ. "ಹೊಳೆ ನೀರು" ಎಂದೆ.

ಹೊಳೆ ದಂಡೆಯಲ್ಲಿ ಹುಟ್ಟಿದವನಿಗೆ ಹೊಳೆಯ ಹೆದರಿಕೆಯೇ ಎಂದು ನಗಬೇಡಿ. ನಾನು ಆರನೇ ಕ್ಲಾಸಿನಲ್ಲಿದ್ದಾಗ ನಮ್ಮ ಹೊಳೆಗೆ ಸೇತುವೆ ಇರಲಿಲ್ಲ. ಶಾಲೆಗೆ ಕಡವು ದಾಟಿ ಹೋಗಬೇಕು. ಒಂದು ಆಷಾಢದಲ್ಲಿ ದೋಣಿ ಮಗುಚಿತು. ನಾನು ಅವತ್ತು ಜ್ವರ ಬಂದು ಮನೆಯಲ್ಲಿದ್ದೆ. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗ ಮರುದಿನ ಶಾಲೆಗೆ ಬರಲಿಲ್ಲ, ಮತ್ತೆ ಯಾವತ್ತೂ ಬರಲಿಲ್ಲ. ಆ ಸಂಜೆ ನನ್ನ ಅಮ್ಮ ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡು ಆಣೆ ಹಾಕಿಸಿದಳು: "ನೀರಿಗೆ ಇಳಿಯೂದಿಲ್ಲ ಅಂತ ಹೇಳು." ಹೇಳಿದೆ. ಅರವತ್ತು ವರ್ಷ ಆ ಮಾತನ್ನು ನಡೆಸಿದೆ. ಈಜು ಕಲಿಯಲಿಲ್ಲ. ಸಮುದ್ರಕ್ಕೆ ಹೋದರೆ ಪಾದ ಒದ್ದೆಯಾಗುವ ತನಕ ಮಾತ್ರ.

ಇಷ್ಟೆಲ್ಲ ಕೇಳಿದ ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅವಳ ವಕೀಲಿಕೆ ಶುರುವಾಯಿತು. "ಅಜ್ಜ, ಆಣೆ ನೀರಿಗೆ ಇಳಿಯಬಾರದು ಅಂತ ತಾನೇ? ಕಯಾಕ್‌ನಲ್ಲಿ ನಾವು ನೀರಿನ ಮೇಲೆ ಇರ್ತೀವಿ!"

ಕಯಾಕ್ ಎಂದರೆ ಒಬ್ಬರೋ ಇಬ್ಬರೋ ಕಾಲು ಮುಂದಕ್ಕೆ ಚಾಚಿ ಕೂರುವ ಸಪೂರ ದೋಣಿ. ಅದರ ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗು ಇರುತ್ತದೆ. ಇದರ ದಾಯಾದಿ ಕನೂ. ಅದರ ಹುಟ್ಟಿಗೆ ಅಲಗು ಒಂದೇ ತುದಿಗೆ, ಮೊಣಕಾಲೂರಿಯೋ ಅಡ್ಡಹಲಗೆಯ ಮೇಲೆ ಕೂತೋ ನಡೆಸುವುದು. ನಮ್ಮ ಕರಾವಳಿಯ ಪಾತಿ ದೋಣಿ ನೋಡಿದವರಿಗೆ ಕನೂ ಹೊಸದಲ್ಲ. ಕಯಾಕ್ ಮಾತ್ರ ದೂರದ ನೆಂಟ. ಉತ್ತರ ಧ್ರುವದ ಹತ್ತಿರದ ಹಿಮನಾಡಿನಲ್ಲಿ ಇನುಯಿಟ್ ಜನ ಸೀಲ್ ಬೇಟೆಗೆ ಇದನ್ನು ಮಾಡಿಕೊಂಡರು. ತೇಲಿಬಂದ ಮರದ ತುಂಡು, ತಿಮಿಂಗಿಲದ ಎಲುಬು ಇವುಗಳಿಂದ ಹಂದರ ಕಟ್ಟಿ, ಮೇಲೆ ಸೀಲ್ ಚರ್ಮ ಬಿಗಿಯುತ್ತಿದ್ದರು. ಚರ್ಮ ಹೊಲಿಯುವುದು ಹೆಂಗಸರ ಕೆಲಸ. ದೋಣಿಯ ಅಳತೆಯನ್ನು ಬೇಟೆಗಾರನ ಮೈಯಿಂದಲೇ ತೆಗೆಯುತ್ತಿದ್ದರು, ದರ್ಜಿ ಅಂಗಿಗೆ ಅಳತೆ ತೆಗೆದ ಹಾಗೆ.

ಹೊಟ್ಟೆಪಾಡಿನ ಈ ದೋಣಿ ಹವ್ಯಾಸವಾದದ್ದರಲ್ಲಿ ಜಾನ್ ಮ್ಯಾಕ್‌ಗ್ರೆಗರ್ ಎಂಬ ವಕೀಲರ ಪಾಲು ದೊಡ್ಡದು. 1860ರ ದಶಕದಲ್ಲಿ ಅವರು 'ರಾಬ್ ರಾಯ್' ಎಂಬ ಪುಟ್ಟ ದೋಣಿಯಲ್ಲಿ ಯುರೋಪಿನ ನದಿಗಳನ್ನು ಸುತ್ತಿ, 1866ರಲ್ಲಿ ಪುಸ್ತಕ ಬರೆದರು. ಓದಿದವರಿಗೆಲ್ಲ ಹುಚ್ಚು ಹಿಡಿಯಿತು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಕಯಾಕ್, ಕನೂ ಎರಡಕ್ಕೂ ಪದಕದ ಸ್ಪರ್ಧೆಗಳು ನಡೆದವು. ಅಲ್ಲಿಗೂ ವಕೀಲರು, ಇಲ್ಲಿಗೂ ವಕೀಲರು ಎಂದುಕೊಂಡೆ, ನಮ್ಮ ಪುಟ್ಟ ವಕೀಲೆಯ ಮುಖ ನೋಡುತ್ತ.

ಮಗನಿಗೆ ಫೋನು ಹೋಯಿತು. "ಅಪ್ಪ, ನಿಮಗೆ ಬಿ.ಪಿ. ಇದೆ, ಮರೀಬೇಡಿ" ಎಂದ. ಹೌದಪ್ಪಾ ಎಂದು ಡಾಕ್ಟರ ಹತ್ತಿರವೇ ಹೋದೆ. ಅವರು ಬಿ.ಪಿ. ನೋಡಿ, ಎರಡೂ ತೋಳು ಎತ್ತಿಸಿ ಇಳಿಸಿ, "ನಿಂತ ನೀರಿನಲ್ಲಿ, ಕಲಿಸುವವರ ಜೊತೆ, ಅರ್ಧ ಗಂಟೆ. ಭುಜ ನೋಯ್ತದೆ ಅಂದ್ರೆ ನಿಲ್ಲಿಸಿ" ಎಂದರು. ಮನೆಯವಳು ಮಾತ್ರ ಒಂದೇ ಮಾತು ಹೇಳಿದಳು: "ಕನ್ನಡಕಕ್ಕೆ ದಾರ ಕಟ್ಟಿಕೊಳ್ಳಿ."

ಸಾಲಿಗ್ರಾಮದ ಹತ್ತಿರ ಸೀತಾ ನದಿಯ ಹಿನ್ನೀರಿನಲ್ಲಿ ಕಯಾಕಿಂಗ್ ಮಾಡಿಸುತ್ತಾರೆ. ಘಟ್ಟದಲ್ಲಿ ಹುಟ್ಟಿದ ಸೀತೆ ಕೋಡಿ ಬೆಂಗ್ರೆಯ ಅಳಿವೆಯಲ್ಲಿ ಸ್ವರ್ಣಾ ನದಿಯ ಜೊತೆಗೂಡಿ ಸಮುದ್ರ ಸೇರುವ ಮೊದಲು ಇಲ್ಲಿ ನಿಧಾನವಾಗಿ ಹರಡಿಕೊಳ್ಳುತ್ತಾಳೆ. ಕಲಿಸುವ ಹುಡುಗ ಮೀನುಗಾರರ ಮನೆಯವನು. ನನ್ನ ಜಾಕೆಟ್‌ನ ಪಟ್ಟಿಗಳನ್ನೆಲ್ಲ ಬಿಗಿದು, ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಜಗ್ಗಿ ನೋಡಿದ. ಜಾಕೆಟ್ ಕಿವಿಯ ತನಕ ಜಾರಿ ಬಂದರೆ ಅದು ಸಡಿಲ ಎಂದು ಅರ್ಥವಂತೆ. ಆಮೇಲೆ ಹೇಳಿದ: "ಹ್ವಾಯ್ ಅಜ್ಜಯ್ಯ, ಮೊದಲನೇ ಪಾಠ ಬೀಳೂದು. ಸೊಂಟದ ಮಟ್ಟದ ನೀರು, ನಾನು ಪಕ್ಕದಲ್ಲೇ ಇರ್ತೆ."

ನನ್ನ ಕಾಲು ಅಲ್ಲೇ ನಿಂತಿತು. ನೀರಿನ ಮೇಲೆ ಎಂದು ಒಪ್ಪಿದ್ದೆ, ನೀರಿನ ಒಳಗೆ ಎಂದಲ್ಲ. ಜಾಕೆಟ್ ಬಿಚ್ಚಿ ಕೊಟ್ಟು, ದಂಡೆಯಲ್ಲಿ ಕೂತು, ಮೊಮ್ಮಗಳು ನಗುತ್ತ ಮೂರು ಸಲ ಬಿದ್ದು ಮೂರು ಸಲ ಹತ್ತುವುದನ್ನು ನೋಡಿದೆ. ಮನೆಗೆ ಬರುವಾಗ ಆಟೋದಲ್ಲಿ ಅವಳು ಮಾತಾಡಲಿಲ್ಲ. ಕೈ ಹಿಡಿದುಕೊಂಡಿದ್ದಳು, ಅಷ್ಟೆ.

ಮೂರು ರಾತ್ರಿ ಯೋಚಿಸಿದೆ. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಲೆಡ್ಜರು ಬರೆದವನಿಗೆ ಒಂದು ಅಭ್ಯಾಸ ಉಂಟು. ತಾಳೆ ಆಗದಿದ್ದರೆ ಮೊದಲನೇ ನಮೂದಿಗೇ ಹಿಂದೆ ಹೋಗಿ ನೋಡುವುದು. ನೋಡಿದೆ. ಅಮ್ಮ ಅವತ್ತು ಬಾಯಲ್ಲಿ ಹೇಳಿದ್ದು "ನೀರಿಗೆ ಇಳಿಯಬೇಡ" ಎಂದು. ಆದರೆ ಅವಳ ಕಣ್ಣು ಹೇಳಿದ್ದು "ಸಂಜೆ ಮನೆಗೆ ಬಾ" ಎಂದು. ನಮ್ಮ ದೋಣಿಯ ಮಕ್ಕಳಿಗೆ ಜಾಕೆಟ್ ಇರಲಿಲ್ಲ, ಬಿದ್ದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ, ಹೊಳೆಯಲ್ಲಿ ಕೆಂಪು ನೀರು. ಪಾಪ, ಅಮ್ಮನ ಹತ್ತಿರ ನನಗೆ ಕೊಡಲು ಆಣೆ ಬಿಟ್ಟರೆ ಬೇರೆ ಜಾಕೆಟ್ ಇರಲಿಲ್ಲ.

ನಾಲ್ಕನೇ ದಿನ ಹೋಗಿ ಬಿದ್ದೆ.

ಕಯಾಕ್ ಒಂದು ಕಡೆಗೆ ವಾಲಿತು, ಆಕಾಶ ಅಡ್ಡವಾಯಿತು, ಮೂಗಿಗೆ ಉಪ್ಪು ನೀರು. ಎಣಿಸಿ ಮೂರು ಎನ್ನುವಷ್ಟರಲ್ಲಿ ಜಾಕೆಟ್ ನನ್ನನ್ನು ಮೇಲೆ ತಂದು ಇಟ್ಟಿತ್ತು. ಕನ್ನಡಕ ದಾರದಲ್ಲಿ ನೇತಾಡುತ್ತಿತ್ತು. ಅಳು ಬಂತೋ ನಗು ಬಂತೋ ಗೊತ್ತಾಗಲಿಲ್ಲ. ಮುಖವೆಲ್ಲ ಒದ್ದೆಯಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಆಮೇಲೆ ಇಬ್ಬರು ಕೂರುವ ಕಯಾಕ್. ಭಾರ ಹೆಚ್ಚಿದ್ದವರು ಹಿಂದೆ ಕೂರಬೇಕು, ಹಾಗಾಗಿ ನಾನು ಹಿಂದೆ. ಇದರಲ್ಲಿ ಒಂದು ನಿಯಮ ಉಂಟು. ಮುಂದೆ ಕೂತವರು ಹಿಂದೆ ತಿರುಗಿ ನೋಡಲಾರರು, ಆದ್ದರಿಂದ ಹಿಂದೆ ಕೂತವರೇ ಮುಂದಿನವರ ತಾಳಕ್ಕೆ ಹುಟ್ಟು ಹಾಕಬೇಕು. ನಾನು ಹಿರಿಯ ಎಂದು ನನ್ನದೇ ತಾಳ ಹಾಕಿದೆ. ಹುಟ್ಟಿಗೆ ಹುಟ್ಟು ಬಡಿದು ಟಕ್ ಎಂದಿತು, ದೋಣಿ ಹೋಗಿ ಕಾಂಡ್ಲಾ ಪೊದೆಗೆ ನುಗ್ಗಿತು. "ಅಜ್ಜ, ನನ್ನ ಬೆನ್ನು ನೋಡು" ಎಂದಳು. ಬೆನ್ನು ನೋಡುತ್ತ ಎಡ, ಬಲ, ಎಡ, ಬಲ ಎಂದೆ. ದೋಣಿ ನೆಟ್ಟಗಾಯಿತು. ಬಲಗಡೆ ಅಗಲಕ್ಕೆ ಬೀಸಿ ಎಳೆದರೆ ದೋಣಿ ಎಡಕ್ಕೆ ತಿರುಗುತ್ತದೆ. ತೋಳಿನಿಂದ ಎಳೆದರೆ ಬೇಗ ಸುಸ್ತು, ಸೊಂಟದ ಮೇಲಿನ ಮೈ ತಿರುಗಿಸಿ ಎಳೆದರೆ ಅಜ್ಜನಿಗೂ ಸಾಧ್ಯ.

ಕಾಂಡ್ಲಾ ಕಾಡಿನ ಒಳದಾರಿಯಲ್ಲಿ ಸದ್ದೇ ಇಲ್ಲ. ಮರಗಳು ಬೇರುಗಳನ್ನೇ ಊರುಗೋಲು ಮಾಡಿಕೊಂಡು ಕೆಸರಿನಲ್ಲಿ ನಿಂತಿವೆ. ಒಂದು ಮಿಂಚುಳ್ಳಿ ನಮ್ಮ ಮುಂದೆ ಕೊಂಬೆಯಿಂದ ಕೊಂಬೆಗೆ ಹಾರುತ್ತಿತ್ತು. ನುಗ್ಗೆಕಾಯಿಯ ತುಂಡಿನ ಹಾಗೆ ಏನೋ ನೇತಾಡುವುದನ್ನು ಮೊಮ್ಮಗಳು ತೋರಿಸಿದಳು. ಅದು ಕಾಂಡ್ಲಾದ ಸಸಿ. ಈ ಮರದ ಬೀಜ ತಾಯಿಮರದಲ್ಲಿ ಇರುವಾಗಲೇ ಮೊಳೆತು ಉದ್ದವಾಗುತ್ತದೆ. ಆಮೇಲೆ ನೀರಿಗೆ ಬಿದ್ದು, ತೇಲಿ ಹೋಗಿ, ಎಲ್ಲೋ ಕೆಸರು ಸಿಕ್ಕಲ್ಲಿ ಬೇರು ಬಿಡುತ್ತದೆ. "ತಯಾರಾಗಿಯೇ ಬೀಳುತ್ತೆ, ನಿನ್ನ ಹಾಗೆ" ಎಂದಳು ಮೊಮ್ಮಗಳು.

ಹಿರಿಯರಿಗೆ ನಾಲ್ಕು ಮಾತು. ಹೊಳೆಗೆ ಹೋಗುವ ಮೊದಲು ಪಂಚಾಂಗ ನೋಡಿ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಉಬ್ಬರ ಇಳಿತ ಎರಡೂ ಜೋರು. ಉಬ್ಬರದ ಜೊತೆ ಒಳಗೆ ಹೋಗಿ ಇಳಿತದ ಜೊತೆ ವಾಪಸು ಬಂದರೆ ಎರಡೂ ಹೊತ್ತು ನೀರೇ ನಿಮ್ಮನ್ನು ತಳ್ಳುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಹಾಗಾಗಿ ಸ್ಥಳದವರನ್ನು ಕೇಳಿಯೇ ಹೊರಡಿ. ಮಳೆಗಾಲದಲ್ಲಿ ಬೇಡವೇ ಬೇಡ. ಟೊಪ್ಪಿ, ಕುಡಿಯುವ ನೀರು ಇರಲಿ. ಇಳಿಯುವಾಗ ಅವಸರ ಮಾಡಬೇಡಿ: ಕಡಿಮೆ ನೀರಿಗೆ ಬಂದು, ಪಕ್ಕಕ್ಕೆ ತಿರುಗಿ, ಎರಡೂ ಕಾಲು ನೆಲಕ್ಕೆ ಊರಿ, ಒಬ್ಬರ ಕೈ ಹಿಡಿದು ಏಳಿ. ನನ್ನ ಮೊಣಕಾಲು ಈ ಪಾಠವನ್ನು ಮೊದಲ ದಿನವೇ ಕಲಿಸಿತು.

ಮಕ್ಕಳಿಗೆ ಎರಡೇ ಮಾತು. ಎಷ್ಟೇ ಚೆನ್ನಾಗಿ ಈಜು ಬರಲಿ, ಜಾಕೆಟ್ ಇಲ್ಲದೆ, ದೊಡ್ಡವರಿಲ್ಲದೆ ಹೊಳೆಗೆ ಇಳಿಯಬಾರದು. ಜಾಕೆಟ್ ಇದೆ ಎಂದು ಈಜು ಕಲಿಯದೆಯೂ ಇರಬಾರದು. ಎರಡನೆಯದು ನನಗೂ ಸೇರಿದ್ದು. ಈ ಬೇಸಿಗೆಗೆ ಈಜು ಕಲಿಯಲು ಹೆಸರು ಕೊಟ್ಟಿದ್ದೇನೆ. ನನ್ನ ತಂಡದ ಉಳಿದವರಿಗೆಲ್ಲ ಏಳೆಂಟು ವರ್ಷವಂತೆ.

ಅವತ್ತು ಸಂಜೆ ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅಮ್ಮನ ಫೋಟೋದ ಮುಂದೆ ನಿಂತೆ. ಅಂಗಿಯ ಅಂಚಿನಿಂದ ಇನ್ನೂ ಹನಿ ಬೀಳುತ್ತಿತ್ತು. "ಅಮ್ಮಾ, ಬಂದೆ" ಎಂದೆ.